ಗುಬ್ಬಿಯನ್ನು ಎಬ್ಬಿಸುವ ದನಿ

ಆ ಮನೆಯಲ್ಲಿ ಬೆಳಗಿನ ಐದೂ ಹತ್ತಕ್ಕೆ ಏಳುತ್ತಿದ್ದವಳು ಅಕ್ಕ ಒಬ್ಬಳೇ. ಉಳಿದ ಮೂವರನ್ನು ಎಬ್ಬಿಸಿ, ಉಣಿಸಿ, ಹೊತ್ತಿಗೆ ಸರಿಯಾಗಿ ಹೊಸಿಲು ದಾಟಿಸುವುದು ಅವಳ ಪಾಲಿನ ಕೆಲಸ. ಅವಳ ತಮ್ಮ ಲಿಫ್ಟ್ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಮ್ಯಾನೇಜರು. ಅವನ ಹೆಂಡತಿ ಹಲ್ಲಿನ ಡಾಕ್ಟರು. ಮದುವೆಯಾಗಿ ಬಂದ ದಿನದಿಂದಲೂ ಅಕ್ಕ ಅವಳನ್ನು ಡಾಕ್ಟರಮ್ಮ ಎಂದೇ ಕರೆಯುತ್ತಿದ್ದಳು. ಅವರಿಗೆ ಏಳು ವರ್ಷದ ಒಬ್ಬಳೇ ಮಗಳು. ತಟ್ಟೆಯಲ್ಲಿದ್ದುದನ್ನು ಅಲ್ಲೊಂದು ಇಲ್ಲೊಂದು ಕುಕ್ಕಿ ಎದ್ದುಬಿಡುತ್ತಿದ್ದ ಅವಳಿಗೆ ಗುಬ್ಬಿ ಎಂದು ಹೆಸರಿಟ್ಟವಳೂ ಅಕ್ಕನೇ.

ತಾಯಿ ಸತ್ತಾಗ ತಮ್ಮನಿಗೆ ಒಂಬತ್ತು ವರ್ಷ, ಅಕ್ಕನಿಗೆ ಇಪ್ಪತ್ತೊಂದು. ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುವ ಕೆಲಸ ಮಾಡಿಕೊಂಡು ಅವನನ್ನು ಓದಿಸಿದಳು. ತನಗೆ ಬಂದ ಎರಡು ಸಂಬಂಧಗಳನ್ನು, "ಇವನೊಂದು ದಡ ಸೇರಲಿ," ಎಂದು ಮುಂದಕ್ಕೆ ಹಾಕಿದಳು. ಮೂರನೆಯದು ಬರಲೇ ಇಲ್ಲ. ಗುಬ್ಬಿ ಹುಟ್ಟಿ ಮೂರು ತಿಂಗಳಾಗುತ್ತಲೇ ಡಾಕ್ಟರಮ್ಮ ಕ್ಲಿನಿಕ್ಕಿಗೆ ಹೊರಟು ನಿಂತಾಗ, ಅಕ್ಕ ಪ್ರೆಸ್ಸಿನ ಕೆಲಸ ಬಿಟ್ಟು ತಮ್ಮನ ಮನೆಗೆ ಬಂದಳು. ಆಗ ಅವಳಿಗೆ ನಲವತ್ತೈದು, ಈಗ ಐವತ್ತೆರಡು. ಗುಬ್ಬಿ ಅಂದಿನಿಂದಲೂ ಅಕ್ಕನ ಕೋಣೆಯಲ್ಲಿ, ಅಕ್ಕನ ಮಗ್ಗುಲಲ್ಲೇ ಮಲಗುವುದು.

ಒಂದು ಶನಿವಾರ ಉಪ್ಪಿನ ಡಬ್ಬಿಯಷ್ಟು ದಪ್ಪದ ಬೂದು ಪೆಟ್ಟಿಗೆಯೊಂದನ್ನು ತಮ್ಮ ತಂದು ಹಾಲ್‌ನ ಶೆಲ್ಫಿನ ಮೇಲಿಟ್ಟ. ಅದರ ಜೊತೆ ಒಂದು ರಾಶಿ ಪ್ಲಗ್ಗುಗಳು, ಹೊಸ ಬಲ್ಬುಗಳು, ಪರದೆ ಎಳೆಯುವ ಎರಡು ಮೋಟಾರು, ಬಾಗಿಲಿಗೆ ಬೆರಳು ಒತ್ತಿದರೆ ತೆರೆಯುವ ಬೀಗ, ತಟ್ಟೆಯಂತೆ ಚಪ್ಪಟೆಯಾಗಿ ನೆಲದ ಮೇಲೆ ತಾನೇ ಓಡಾಡಿ ಕಸ ಎಳೆಯುವ ಯಂತ್ರ. ಬಾಯಲ್ಲಿ ಹೇಳಿದರೆ ಸಾಕು, ಎಲ್ಲ ಅದೇ ಮಾಡುತ್ತದೆ ಎಂದ.

"ನನಗಿಂತ ಚೆನ್ನಾಗಿ ಮಾತು ಕೇಳತ್ತೆ ಬಿಡು," ಎಂದು ಅಕ್ಕ ನಕ್ಕಳು.

ಪೆಟ್ಟಿಗೆಯನ್ನು ಏನೆಂದು ಕರೆಯುವುದೆಂಬ ಪ್ರಶ್ನೆ ಬಂತು. ಬೇಕಾದ ಹೆಸರು ಇಡಬಹುದಂತೆ. ಗುಬ್ಬಿ ಸೋಫಾದ ಮೇಲೆ ಕುಣಿಯುತ್ತಾ, "ಅತ್ತೆ ಅಂತ ಇಡಪ್ಪಾ," ಎಂದಳು. ಡಾಕ್ಟರಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅಕ್ಕನೂ ನಕ್ಕಳು. ಹೆಸರು ಹಾಗೇ ನಿಂತಿತು.

ಮಾರನೆಯ ದಿನ ಭಾನುವಾರ. ಮಧ್ಯಾಹ್ನದ ಊಟ ಮುಗಿದ ಮೇಲೆ ತಮ್ಮ ಲ್ಯಾಪ್‌ಟಾಪ್ ತೆರೆದುಕೊಂಡು ಊಟದ ಮೇಜಿನ ಮುಂದೆ ಕೂತ.

"ಅಕ್ಕಾ, ಇಲ್ಲಿ ಬಾ, ಕೂತ್ಕೋ. ಬೆಳಿಗ್ಗೆ ಎದ್ದಾಗಿಂದ ನಾವು ಹೊರಡೋವರೆಗೂ ಏನೇನ್ ಮಾಡ್ತೀಯ, ಒಂದೊಂದಾಗಿ ಹೇಳು. ಯಾವ್ದನ್ನೂ ಬಿಡ್ಬೇಡ."

"ಅದನ್ನೆಲ್ಲ ಏನಂತ ಹೇಳೋದೋ. ಮಾಡ್ತಾ ಹೋಗೋದಷ್ಟೆ."

"ಹೇಳಕ್ಕಾ. ನಿನ್ ಕಷ್ಟ ಕಮ್ಮಿ ಆಗ್ಲಿ ಅಂತಾನೇ ಇದೆಲ್ಲ ಮಾಡ್ತಿರೋದು."

ಏಳು ವರ್ಷದಲ್ಲಿ ಯಾರೂ ಅವಳನ್ನು ಈ ಮಾತು ಕೇಳಿರಲಿಲ್ಲ. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಎದುರಿಗೆ ಕೂತಳು. ಮೊದಮೊದಲು ತಡವರಿಸಿದಳು, ಆಮೇಲೆ ಹುರುಪು ಬಂತು. ಐದೂ ಹತ್ತಕ್ಕೆ ಎದ್ದು ಮೊದಲು ಗೀಸರ್, ಯಾಕೆಂದರೆ ನಿನಗೆ ಐದೂವರೆಗೆ ನೀರು ಕಾದಿರಬೇಕು. ಡಾಕ್ಟರಮ್ಮನ ಕಾಫಿಗೆ ಸಕ್ಕರೆ ಇಲ್ಲ. ಆರೂ ಮೂವತ್ತೈದಕ್ಕೆ ಮುಂಚೆ ಕೊಟ್ಟರೆ ವ್ಯಾಯಾಮ ಮುಗಿದಿರುವುದಿಲ್ಲ, ಆರಿಹೋಗುತ್ತದೆ. ಗುಬ್ಬಿಯ ಕಿಟಕಿಯ ಪರದೆಯನ್ನು ಪೂರ್ತಿ ಸರಿಸಬಾರದು, ಅರ್ಧ ಸರಿಸಿ ಐದು ನಿಮಿಷ ಬಿಡಬೇಕು, ಇಲ್ಲದಿದ್ದರೆ ಮುಖ ಊದಿಸಿಕೊಂಡು ಏಳುತ್ತಾಳೆ. ಅವಳ ಸ್ನಾನದ ನೀರನ್ನು ಮೊಣಕೈ ಅದ್ದಿ ನೋಡಬೇಕು. ಶೂ ಹಾಕುವ ಮುಂಚೆ ತಲೆಕೆಳಗು ಮಾಡಿ ಕೊಡವಬೇಕು. ಶಾಲೆಯ ಬಸ್ಸು ತಿರುವು ದಾಟುವ ತನಕ ಬಾಲ್ಕನಿಯಲ್ಲಿ ನಿಂತಿರಬೇಕು. ಅವಳು ಹಿಂದಿನ ಸೀಟಿನಿಂದ ತಿರುಗಿ ನೋಡುತ್ತಾಳೆ.

ತಮ್ಮ ತಲೆಯೆತ್ತದೆ ಟೈಪು ಮಾಡುತ್ತಾ ಹೋದ. ನಡುನಡುವೆ, "ಎಷ್ಟ್ ನಿಮಿಷ?" "ದಿನಾನಾ, ವಾರಕ್ಕೊಂದ್ಸಲನಾ?" ಎಂದು ಕೇಳಿದ. ಕೊನೆಗೆ ಎಣಿಸಿ ನೋಡಿ, "ಮೂವತ್ತೊಂಬತ್ತು ಕೆಲಸ ಅಕ್ಕಾ," ಎಂದ.

"ಅಷ್ಟೊಂದಾ?" ಎಂದಳು ಅಕ್ಕ. ಅವಳ ಮುಖ ಅರಳಿತ್ತು. ಅಡುಗೆಮನೆಗೆ ಹೋಗಿ ಅವನು ಕೇಳದೆಯೇ ಟೀ ಮಾಡಿಕೊಟ್ಟಳು.

ಒಂದೇ ಒಂದು ಕೆಲಸವನ್ನು ಮಾತ್ರ ಅವಳು ಹೇಳಿರಲಿಲ್ಲ. ವಾರದಲ್ಲಿ ಒಂದೆರಡು ದಿನ ಗುಬ್ಬಿ ಹಾಸಿಗೆಯಲ್ಲಿ ಉಚ್ಚೆ ಮಾಡಿಕೊಳ್ಳುತ್ತಿದ್ದಳು. ಅಪ್ಪ ಅಮ್ಮನಿಗೆ ಹೇಳಕೂಡದೆಂದು ಆಣೆ ಹಾಕಿಸಿಕೊಂಡಿದ್ದಳು. ಅಕ್ಕ ಎದ್ದ ಕೂಡಲೇ ಹಾಸಿಗೆ ತಡವಿ, ಒದ್ದೆಯಿದ್ದರೆ ಮಗುವನ್ನು ತನ್ನ ಜಾಗಕ್ಕೆ ಉರುಳಿಸಿ, ಬೆಡ್‌ಶೀಟನ್ನು ಉಳಿದ ಬಟ್ಟೆಯ ಜೊತೆ ವಾಷಿಂಗ್ ಮೆಷಿನ್ನಿಗೆ ತುರುಕಿ ತುಟಿಪಿಟಕ್ಕೆನ್ನದೆ ಇದ್ದುಬಿಡುತ್ತಿದ್ದಳು.

ಯಂತ್ರ ಕೆಲಸ ಶುರುಮಾಡಿದಾಗ ಒಂದೇ ತೊಡಕಾಯಿತು. ಪೆಟ್ಟಿಗೆಯ ದನಿಗೆ ಗುಬ್ಬಿ ಏಳುತ್ತಿರಲಿಲ್ಲ. ಬಸ್ ನಿಲ್ದಾಣದಲ್ಲಿ ಹೇಳುವಂಥ ಆ ನುಣುಪು ದನಿ ಮೂರು ಸಲ ಕೂಗಿದರೂ ಮಗ್ಗುಲು ಬದಲಿಸಿ ಮಲಗುತ್ತಿದ್ದಳು. ತಮ್ಮ ಅದಕ್ಕೂ ಉಪಾಯ ಹುಡುಕಿದ. ಫೋನನ್ನು ಅಕ್ಕನ ಬಾಯಿಯ ಹತ್ತಿರ ಹಿಡಿದು, ದಿನಾ ಹೇಗೆ ಎಬ್ಬಿಸುತ್ತೀಯೋ ಹಾಗೇ ಹೇಳು ಎಂದ. ಅಕ್ಕನಿಗೆ ನಾಚಿಕೆಯಾಯಿತು. ಗಂಟಲು ಸರಿಮಾಡಿಕೊಂಡು ಹೇಳಿದಳು:

"ಗುಬ್ಬೀ, ಏಳು ಪುಟ್ಟಾ. ಬೆಳಕಾಯ್ತು. ಕಾಲು ಮೊದಲು ಏಳ್ಲಿ, ಆಮೇಲೆ ತಲೆ."

"ಸೂಪರ್. ಇನ್ನೊಂದಿಷ್ಟು ಮಾತಾಡು. ಹಲ್ಲುಜ್ಜು, ಹಾಲು ಕುಡಿ, ಎಲ್ಲಾ. ಈ ಕಾಗದದಲ್ಲಿರೋದನ್ನೂ ಓದು."

ಅಕ್ಕ ಅರ್ಧ ಗಂಟೆ ಓದಿದಳು. ಕಾಗದದಲ್ಲಿದ್ದ ಮಾತುಗಳಿಗೆ ತಲೆಬುಡ ಇರಲಿಲ್ಲ. ಅಕ್ಷರಗಳೆಲ್ಲ ಸಿಗಲಿ ಅಂತ ಓದಿಸುವುದು ಎಂದ ತಮ್ಮ.

ಆಮೇಲಿನ ಒಂದು ವಾರ ಪರೀಕ್ಷೆ. ಅಕ್ಕ ಏನನ್ನೂ ಮುಟ್ಟದೆ ಊಟದ ಮೇಜಿನ ಹತ್ತಿರ ಕೈ ಕಟ್ಟಿಕೊಂಡು ಕೂತಿರಬೇಕು. ಎಲ್ಲಿ ತಪ್ಪುತ್ತದೆಯೋ ಅಲ್ಲಿ ಹೇಳಬೇಕು. ಐದೂ ಹತ್ತಕ್ಕೆ ಗೀಸರ್ ಹೊತ್ತಿಕೊಂಡಿತು. ಆರೂ ಮೂವತ್ತೈದಕ್ಕೆ ಕಾಫಿ ಯಂತ್ರ ಗೊರಗೊರ ಎಂದಿತು. ಪರದೆ ಅರ್ಧ ಸರಿದು ಐದು ನಿಮಿಷ ನಿಂತು ಪೂರ್ತಿ ಸರಿಯಿತು. ಕೋಣೆಯ ಒಳಗಿನಿಂದ ಅಕ್ಕನ ದನಿ, "ಗುಬ್ಬೀ, ಏಳು ಪುಟ್ಟಾ," ಎಂದಿತು. ಮೇಜಿನ ಮುಂದೆ ಕೂತ ಅಕ್ಕ ಬೆಚ್ಚಿ ತನ್ನ ಬಾಯಿ ಮುಟ್ಟಿ ನೋಡಿಕೊಂಡಳು. ಗುಬ್ಬಿ ಎದ್ದುಬಂದಳು.

ಎರಡನೆಯ ದಿನ ಡಾಕ್ಟರಮ್ಮ ರೂಮಿನಿಂದ, "ಅತ್ತೆ, ಹಾಲಿನ ಲೈಟ್ ಹಾಕು," ಎಂದಳು. ಗುಬ್ಬಿಯ ಬಾಯಲ್ಲಿ ದಿನಾ ಅತ್ತೆ ಅನ್ನಿಸಿಕೊಂಡ ಅಕ್ಕ ಅಭ್ಯಾಸಬಲದಿಂದ ದಡಬಡಿಸಿ ಎದ್ದು ಸ್ವಿಚ್ಚಿನ ಹತ್ತಿರ ಹೋದಳು. ಕೈ ಚಾಚುವ ಮೊದಲೇ ಲೈಟು ಹೊತ್ತಿತು. ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಕ್ಕಾ, ನಿನ್ನನ್ನಲ್ಲ." ಅಕ್ಕ ನಗುತ್ತಲೇ ಬಂದು ಕುರ್ಚಿಯಲ್ಲಿ ಕೂತಳು.

ನಾಲ್ಕನೆಯ ದಿನ ಗುಬ್ಬಿಗೆ ಇನ್ನಷ್ಟು ನಿದ್ದೆ ಬೇಕಿತ್ತು. ಅಕ್ಕನ ದನಿ ಎರಡನೆಯ ಸಲ ಕೂಗತೊಡಗಿದಾಗ ಒಳಗಿಂದಲೇ ಅವಳು, "ಅತ್ತೆ, ಸಾಕು. ಬಾಯ್ಮುಚ್ಚು," ಎಂದಳು. ದನಿ ನಡುಮಾತಿನಲ್ಲೇ ನಿಂತುಹೋಯಿತು. ಯಾರೂ ಅವಳನ್ನು ಗದರಲಿಲ್ಲ. ಪೆಟ್ಟಿಗೆಗೆ ತಾನೇ ಅಂದದ್ದು.

ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ತಮ್ಮ ಲ್ಯಾಪ್‌ಟಾಪನ್ನು ಅಕ್ಕನ ಕಡೆ ತಿರುಗಿಸಿದ. ಅವಳ ಮೂವತ್ತೊಂಬತ್ತು ಕೆಲಸಗಳೂ ಅದರಲ್ಲಿದ್ದವು, ಮೂರು ಬಣ್ಣದಲ್ಲಿ.

"ಹಸಿರಿರೋ ಇಪ್ಪತ್ತೆರಡನ್ನ ಯಂತ್ರ ಮಾಡತ್ತೆ. ಹಳದಿ ಆರನ್ನ ಗುಬ್ಬಿ ತಾನೇ ಮಾಡ್ಕೋಬಹುದು, ಏಳು ವರ್ಷ ಆಯ್ತಲ್ಲ."

"ಕೆಂಪಿರೋದು?"

"ಹನ್ನೊಂದು. ಅವು ಬೇಡದವು."

ಅಕ್ಕ ಕನ್ನಡಕ ತರಿಸಿಕೊಂಡು ಓದಿದಳು. ಮೊಣಕೈಯಿಂದ ನೀರು ನೋಡುವುದು. ಶೂ ಕೊಡವುವುದು. ಬಸ್ಸು ತಿರುಗುವ ತನಕ ನಿಲ್ಲುವುದು. ಕೆಂಪು ಸಾಲುಗಳು ಒಂದರ ಕೆಳಗೊಂದು ಇದ್ದವು.

ಡಾಕ್ಟರಮ್ಮ ಕುರ್ಚಿ ಹತ್ತಿರ ಎಳೆದುಕೊಂಡು ಅಕ್ಕನ ಕೈ ಮೇಲೆ ಕೈಯಿಟ್ಟಳು. ಹಲ್ಲು ಕೀಳುವ ಮುಂಚೆ ರೋಗಿಗೆ ಹೇಳುವ ಮೆತ್ತನೆಯ ದನಿ ಅವಳದು.

"ಅಕ್ಕಾ, ನೀವು ನಮಗೋಸ್ಕರ ತುಂಬಾ ಮಾಡಿದೀರ. ಇನ್ನು ನಿಮ್ಮ ಬದುಕು ನೋಡ್ಕೊಳ್ಳಿ. ಗುಬ್ಬಿಗೂ ಸ್ವಂತ ರೂಮ್ ಬೇಕು, ಬೆಳೀತಿದಾಳೆ. ಇವರು ಲಿಫ್ಟ್ ನೋಡ್ಕೊಳ್ಳೋ ಕಡೆ ಒಂದು ಲೇಡೀಸ್ ಹಾಸ್ಟೆಲ್ ಇದೆ. ನಿಮಗೇ ಅಂತ ಒಂದು ರೂಮು, ಊಟ, ಎಲ್ಲ ಇದೆ. ಬೆಳಿಗ್ಗೆ ಅಡುಗೆಮನೇಲಿ ಸ್ವಲ್ಪ ಕೈ ಜೋಡಿಸಿದ್ರೆ ಸಾಕು."

ಅಕ್ಕ ತಮ್ಮನ ಮುಖ ನೋಡಿದಳು. ಅವನು ಲ್ಯಾಪ್‌ಟಾಪಿನ ಮೇಲಿದ್ದ ಬ್ರೆಡ್ಡಿನ ಚೂರನ್ನು ಉಗುರಿನಿಂದ ತೆಗೆಯುತ್ತಿದ್ದ.

"ಯಾವಾಗ ಮಾತಾಡಿದ್ದು ಅವರ ಹತ್ರ?"

"ಹೋದ ತಿಂಗಳು," ಎಂದ ತಮ್ಮ.

ಹೋದ ತಿಂಗಳು ಪೆಟ್ಟಿಗೆ ಇನ್ನೂ ಮನೆಗೆ ಬಂದಿರಲಿಲ್ಲ. ಮೂವತ್ತೊಂಬತ್ತು ಕೆಲಸವನ್ನು ತಾನು ಕೂತು ಹೇಳಿದ್ದು, ಎಣಿಕೆ ಕೇಳಿ ಹಿಗ್ಗಿದ್ದು, ಎದ್ದು ಹೋಗಿ ಟೀ ಮಾಡಿಕೊಟ್ಟಿದ್ದು ಎಲ್ಲ ನೆನಪಾಗಿ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

"ಗುಬ್ಬಿ ಒಬ್ಬಳೇ ಮಲಗಲ್ಲ ಕಣೋ."

"ಕೇಳಿದೀವಿ ಅಕ್ಕಾ. ಅವಳಿಗೆ ಖುಷಿ. ಗೋಡೆಗೆ ಯಾವ ಬಣ್ಣ ಅಂತ ಆಗಲೇ ಹೇಳಿದಾಳೆ."

ಬುಧವಾರ ಅಕ್ಕ ಹೊರಟಳು. ಒಂದು ಟ್ರಂಕು, ಎರಡು ಚೀಲ. ಶಾಲೆಗೆ ಹೊರಡುವ ಮುಂಚೆ ಗುಬ್ಬಿ ಅವಳ ಕುತ್ತಿಗೆಗೆ ಜೋತುಬಿದ್ದು, "ಭಾನುವಾರ ಬರ್ತೀಯ ಅಲ್ವಾ?" ಎಂದಳು. ಬರುತ್ತೇನೆ ಎಂದಳು ಅಕ್ಕ. ಆದರೆ ಹಾಸ್ಟೆಲ್ಲಿನಲ್ಲಿ ಭಾನುವಾರವೇ ಹೆಚ್ಚು ಕೆಲಸ. ಒಮ್ಮೆ ಬಿಡುವು ಮಾಡಿಕೊಂಡು ಹೋದಾಗ ಬಾಗಿಲ ಬೀಗ ಅವಳ ಬೆರಳನ್ನು ಗುರುತಿಸಲಿಲ್ಲ. ಮನೆಯವರು ಯಾವುದೋ ಹುಟ್ಟುಹಬ್ಬಕ್ಕೆ ಹೋಗಿದ್ದರು. ಮೂರನೆಯ ಮಹಡಿಯ ಮೆಟ್ಟಿಲ ಮೇಲೆ ಒಂದೂವರೆ ಗಂಟೆ ಕೂತಿದ್ದು ವಾಪಸ್ಸು ಬಂದಳು.

ಹಾಸ್ಟೆಲ್ಲಿನಲ್ಲಿ ಅರವತ್ತು ಹುಡುಗಿಯರಿದ್ದರು. ಆಸ್ಪತ್ರೆಯ ನರ್ಸುಗಳು, ಬಟ್ಟೆ ಕಾರ್ಖಾನೆಯವರು, ಅಂಗಡಿಗಳಲ್ಲಿ ನಿಲ್ಲುವವರು. ಬೆಳಗಿನ ಪಾಳಿಯವರನ್ನು ನಾಲ್ಕೂವರೆಗೆ ಎಬ್ಬಿಸುವುದು ಅಕ್ಕನ ಪಾಲಿಗೆ ಬಂತು. ಕಾರಿಡಾರಿನಲ್ಲಿ ನಿಂತು ಒಬ್ಬೊಬ್ಬರ ಹೆಸರು ಹಿಡಿದು ಕರೆಯುತ್ತಿದ್ದಳು. ಅವಳು ಕರೆದರೆ ಸಿಟ್ಟು ಬರುವುದಿಲ್ಲ ಎಂದು ಹುಡುಗಿಯರು ವಾರ್ಡನ್ನಿಗೆ ಹೇಳಿದ್ದರು. ಅವಳಿಗೆ ಕೊಟ್ಟ ಕೋಣೆ ಅಡುಗೆಮನೆಯ ಉಗ್ರಾಣದ ಮೂಲೆಯೇ ಆದರೂ, ಈ ಮಾತು ಕೇಳಿದ ದಿನ ಅಕ್ಕ ಎರಡು ತುತ್ತು ಹೆಚ್ಚಿಗೆ ಉಂಡಳು.

ಎರಡು ವಾರ ಕಳೆದ ಮೇಲೆ ಡಾಕ್ಟರಮ್ಮ ಫೋನು ಮಾಡಿದಳು. ಮೆತ್ತನೆಯ ದನಿ ಇರಲಿಲ್ಲ.

"ಗುಬ್ಬಿ ಹಾಸಿಗೇಲಿ ಮಾಡ್ಕೊಳ್ತಾಳಲ್ಲ, ನಿಮಗೆ ಗೊತ್ತಿತ್ತಾ?"

ಅಕ್ಕ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ನಿಮಗೆ ಗೊತ್ತಿತ್ತು. ಒಂದೇ ಒಂದು ಮಾತು ಹೇಳ್ಬೇಕಿತ್ತು. ನೀವು ಮುಚ್ಚಿಟ್ಟು ಮುಚ್ಚಿಟ್ಟೇ ಅವಳಿಗೆ ಅಭ್ಯಾಸ ಆಗಿರೋದು. ಹೊಸಾ ಹಾಸಿಗೆ, ಹದಿನೈದು ದಿನಕ್ಕೆ ನಾರ್ತಾ ಇದೆ."

"ಬೈಬೇಡ ಕಣಮ್ಮ ಅವಳಿಗೆ. ಎದ್ದ ತಕ್ಷಣ ಬಟ್ಟೆ ಬದಲಾಯಿಸಿ, ಏನೂ ಆಗದೇ ಇರೋ ಥರ ಇದ್ದುಬಿಡು. ತಾನಾಗೇ ನಿಲ್ಲತ್ತೆ."

"ನಾನು ಡಾಕ್ಟ್ರು ಅಕ್ಕಾ," ಎಂದು ಅವಳು ಫೋನಿಟ್ಟಳು.

ಅದಾಗಿ ಹತ್ತು ದಿನಕ್ಕೆ, ಬೆಳಗಿನ ತಿಂಡಿಯ ಪಾತ್ರೆಗಳನ್ನು ಅಕ್ಕ ತೊಳೆಯುತ್ತಿದ್ದಾಗ ತಮ್ಮ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. ಮನೆ ಬಿಟ್ಟ ಮೇಲೆ ಅವನ ಮುಖ ನೋಡಿದ್ದು ಅದೇ ಮೊದಲು. ಅವಳು ಕೈ ತೊಳೆದು, ಸ್ಟೂಲು ಒರೆಸಿ ಹಾಕಿದಳು. "ಬಡವಾಗಿದೀಯಲ್ಲೋ," ಎಂದಳು. ಅವನು ಬಡವಾಗಿರಲಿಲ್ಲ.

"ಲಿಫ್ಟ್ ನೋಡೋಕೆ ಬಂದಿದ್ದೆ. ಹಾಗೇ ನಿನ್ನ ಹತ್ರ ಒಂದ್ ಕೆಲಸ ಇತ್ತು." ಅವನು ಫೋನು ತೆಗೆದ. "ಗುಬ್ಬಿ ಹಾಸಿಗೆ ಕೆಳಗೆ ಒಂದು ಪ್ಯಾಡ್ ಹಾಕಿದೀವಿ. ಒದ್ದೆ ಆದ ತಕ್ಷಣ ಪೆಟ್ಟಿಗೆಗೆ ಗೊತ್ತಾಗತ್ತೆ, ಅದು ಅವಳನ್ನ ಎಬ್ಬಿಸ್ಬೇಕು. ಬರೀ ಅಲಾರಮ್ಮಿಗೆ ಅವಳು ಏಳ್ತಾ ಇಲ್ಲ. ನಿನ್ನ ದನಿ ಬೇಕು. ಎರಡೇ ಮಾತು. 'ಗುಬ್ಬೀ, ಒದ್ದೆ ಮಾಡ್ಕೊಂಡಿದೀಯ. ಎದ್ದು ನೀನೇ ಶೀಟ್ ತೆಗಿ.' ಅಷ್ಟೆ. ಸ್ವಲ್ಪ ಗಟ್ಟಿಯಾಗಿ."

ಅಕ್ಕ ಅವನನ್ನೇ ನೋಡಿದಳು. ಒಂಬತ್ತು ವರ್ಷದ ಹುಡುಗ, ತಾಯಿ ಸತ್ತ ವರ್ಷವಿಡೀ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದ ಹುಡುಗ. ಪ್ರೆಸ್ಸಿಗೆ ಹೋಗುವ ಮುಂಚೆ ಅವನ ಚಾದರ ಒಗೆದು ಹಿತ್ತಲಲ್ಲಿ, ಪಕ್ಕದ ಮನೆಯವರ ಕಣ್ಣಿಗೆ ಬೀಳದ ಹಾಗೆ ಒಣಹಾಕುತ್ತಿದ್ದಳು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಅವನಿಗೂ ನೆನಪಿಸಿರಲಿಲ್ಲ. ಈಗಲೂ ಬಾಯಿಗೆ ಬಂದದ್ದನ್ನು ನುಂಗಿಕೊಂಡಳು.

"ನಾನು ಹೇಳಲ್ಲ," ಎಂದಳು.

"ಯಾಕೆ?"

"ಅವಳು ಆಣೆ ಹಾಕಿಸ್ಕೊಂಡಿದಾಳೆ. ನನ್ನ ಬಾಯಲ್ಲಿ ಆ ಮಾತು ಬರಕೂಡದು ಕಣೋ. ಬೇರೆ ಯಾರ ದನೀಲಾದ್ರೂ ಹಾಕ್ಕೋ."

ತಮ್ಮ ಉಸ್ಸೆಂದು ಎದ್ದ. ಅವನಿಗೆ ಸಿಟ್ಟೇನೂ ಬಂದಂತೆ ಕಾಣಲಿಲ್ಲ.

"ಆಯ್ತು ಬಿಡು. ಆವತ್ತು ಓದಿದ್ಯಲ್ಲ ಅರ್ಧ ಗಂಟೆ, ಅದಿದ್ರೆ ಸಾಕು. ಯಾವ ಮಾತು ಬೇಕಾದ್ರೂ ನಿನ್ನ ದನೀಲಿ ಯಂತ್ರಾನೇ ಮಾಡ್ಕೊಳ್ಳತ್ತೆ. ಕೇಳದೇ ಮಾಡಿದ್ರೆ ನಿನಗೆ ಬೇಜಾರಾಗತ್ತೇನೋ ಅಂತ ಬಂದೆ, ಅಷ್ಟೆ."

"ಬೇಡ ಕಣೋ," ಎಂದಳು ಅಕ್ಕ. "ನಿನಗೆ ಕೈ ಮುಗೀತೀನಿ."

"ಅದರಲ್ಲೇನಿದೆ ಅಕ್ಕಾ, ಬರೀ ದನಿ," ಎಂದು ಅವನು ಟೂಲ್ ಬ್ಯಾಗ್ ಹೆಗಲಿಗೇರಿಸಿಕೊಂಡು ಹೋದ.

ಅಕ್ಕ ಒಂದು ವಾರ ತಡೆದಳು. ಪಾತ್ರೆ ಉಜ್ಜುವಾಗ, ತರಕಾರಿ ಹೆಚ್ಚುವಾಗ, ಆ ಎರಡು ಮಾತು ತನ್ನ ದನಿಯಲ್ಲೇ ಕಿವಿಗೆ ಬಡಿಯುತ್ತಿತ್ತು. ಕೊನೆಗೆ ವಾರ್ಡನ್ ಹತ್ತಿರ ಬೆಳಿಗ್ಗೆ ಎರಡು ಗಂಟೆಯ ಬಿಡುವು ಕೇಳಿ, ಎರಡು ಬಸ್ಸು ಬದಲಿಸಿ ಗುಬ್ಬಿಯ ಶಾಲೆಯ ಗೇಟಿಗೆ ಹೋದಳು. ಅದು ತಾನಲ್ಲ ಎಂದು ಮಗುವಿಗೆ ಒಂದು ಸಲ ಹೇಳಬೇಕು, ಅಷ್ಟೇ ಸಾಕು ಎಂದುಕೊಂಡಿದ್ದಳು.

ಎಂಟೂ ಇಪ್ಪತ್ತಕ್ಕೆ ಬಸ್ಸು ಬಂತು. ಮಕ್ಕಳು ಒಬ್ಬರ ಹಿಂದೊಬ್ಬರು ಇಳಿದರು. ಗುಬ್ಬಿ ಇಬ್ಬರು ಗೆಳತಿಯರ ನಡುವೆ ಏನೋ ಹೇಳಿ ನಗುತ್ತಾ ಬರುತ್ತಿದ್ದಳು. ಜಡೆ ಹಾಕಿರಲಿಲ್ಲ, ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿದ್ದರು. ಎಡಗಾಲಿನ ಕಾಲುಚೀಲ ತಿರುವುಮುರುವಾಗಿತ್ತು.

"ಗುಬ್ಬೀ," ಎಂದು ಕರೆದಳು ಅಕ್ಕ.

ಗುಬ್ಬಿ ನಿಂತ ಕಡೆಯೇ ನಿಂತಳು. ಕರೆದವರು ಯಾರೆಂದು ತಿರುಗಿ ನೋಡುವ ಮೊದಲೇ ಅವಳ ಕೈ ಸ್ಕರ್ಟಿನ ಹಿಂಭಾಗಕ್ಕೆ ಹೋಗಿ ಬಟ್ಟೆಯನ್ನು ಒತ್ತಿ ನೋಡಿತು. ಒಂದು ಸಲ, ಮತ್ತೊಂದು ಸಲ. ಆಮೇಲೆ ತಲೆಯೆತ್ತಿ ಅಕ್ಕನನ್ನು ಕಂಡಳು. ಗೆಳತಿಯರನ್ನು ಮುಂದೆ ಹೋಗಲು ಹೇಳಿ, ಗೇಟಿನ ಕಂಬದ ಮರೆಗೆ ಬಂದಳು. ಮುಖ ಬಿಳಿಚಿಕೊಂಡಿತ್ತು.

"ಇಲ್ಲ, ಒದ್ದೆ ಆಗಿಲ್ಲ," ಎಂದಳು ಪಿಸುದನಿಯಲ್ಲಿ. "ಇಲ್ಲಿ ಹೇಳ್ಬೇಡ ಅತ್ತೆ."

"ಅದು ನಾನಲ್ಲ ಕಣೇ ಪುಟ್ಟಾ. ನಾನು ಯಾರಿಗೂ ಹೇಳಿಲ್ಲ. ಆ ಯಂತ್ರ—"

"ನಿನ್ ದನೀನೇ."

"ದನಿ ನಂದು. ಮಾತು ನಂದಲ್ಲ."

ಗುಬ್ಬಿಗೆ ಅದು ಅರ್ಥವಾಗಲಿಲ್ಲ. "ಅಮ್ಮ ಹೇಳಿದ್ಲು, ನೀನೇ ರೆಕಾರ್ಡ್ ಮಾಡಿ ಕಳಿಸಿದೀಯ ಅಂತ. ಅಮ್ಮನ ಊರಿಂದ ಅಜ್ಜಿ ಬಂದಾಗ್ಲೂ ಅದು ಹೇಳ್ತು. ಅಜ್ಜಿ, ಮಾಮ, ಎಲ್ರೂ ಎದ್ದು ಬಂದು ನೋಡಿದ್ರು." ಅವಳು ಬ್ಯಾಗಿನ ಪಟ್ಟಿಯನ್ನು ಹಿಡಿದೆಳೆದಳು. "ನಾನು ಸಾಕು ಅಂದ್ರೂ ಆ ಮಾತು ಮಾತ್ರ ನಿಲ್ಲಲ್ಲ. ಅಪ್ಪ ಹಾಗೆ ಮಾಡಿಟ್ಟಿದಾರೆ. ಶೀಟ್ ತೆಗೆಯೋವರೆಗೂ ಹೇಳ್ತಾನೇ ಇರ್ತೀಯ."

ಅಕ್ಕ ಅವಳ ಕೆನ್ನೆ ಮುಟ್ಟಲು ಕೈ ಚಾಚಿದಳು. ಮಗು ಒಂದು ಹೆಜ್ಜೆ ಹಿಂದೆ ಸರಿಯಿತು.

"ನೀನು ಹೋಗು. ನನ್ ಫ್ರೆಂಡ್ಸ್ ಮುಂದೆ ಮಾತಾಡ್ಬೇಡ."

ಗಂಟೆ ಹೊಡೆಯಿತು. ಗುಬ್ಬಿ ಬ್ಯಾಗನ್ನು ಬೆನ್ನ ಮೇಲಿಂದ ಕೆಳಕ್ಕೆ ಜಾರಿಸಿ, ಸ್ಕರ್ಟಿನ ಹಿಂಭಾಗಕ್ಕೆ ಮರೆಯಾಗುವಂತೆ ಹಿಡಿದುಕೊಂಡು ಒಳಗೆ ಓಡಿದಳು. ಗೇಟಿನವನು, "ಯಾರು ಬೇಕಮ್ಮಾ?" ಎಂದು ಕೇಳಿದ. ಅಕ್ಕ ತಲೆಯಾಡಿಸಿ ಬಸ್ ಸ್ಟಾಪಿನ ಕಡೆ ನಡೆದಳು.

ಹಾಸ್ಟೆಲ್ಲಿಗೆ ಬಂದು ಮಧ್ಯಾಹ್ನದ ಅನ್ನಕ್ಕೆ ಎಸರಿಟ್ಟಳು. ಯಾರ ಜೊತೆಯೂ ಮಾತಾಡಲಿಲ್ಲ. ಮರುದಿನ ನಾಲ್ಕೂವರೆಗೆ ಕಾರಿಡಾರಿಗೆ ಹೋದವಳು ಹೆಸರು ಹಿಡಿದು ಕರೆಯಲಿಲ್ಲ. ಒಂದೊಂದೇ ಬಾಗಿಲಿಗೆ ಹೋಗಿ ಬೆರಳ ಗೆಣ್ಣಿನಿಂದ ಬಡಿದಳು. ಏಳದವರ ಮಂಚದ ಹತ್ತಿರ ಹೋಗಿ ಪಾದ ಹಿಡಿದು ಅಲುಗಾಡಿಸಿದಳು. ತಣ್ಣನೆಯ ಕೈ ತಾಗಿ ಒಬ್ಬ ನರ್ಸು ಕಿರುಚಿಕೊಂಡು ಎದ್ದಳು. ಹುಡುಗಿಯರು ದೂರು ಹೇಳಿದರು.

"ಮುಂಚಿನ ಥರ ಕರೀಬಾರ್ದಾ? ಗಂಟಲು ಕೆಟ್ಟಿದೆಯಾ?" ಎಂದು ವಾರ್ಡನ್ ಕೇಳಿದಳು.

ಹೌದೆನ್ನುವಂತೆ ಅಕ್ಕ ತಲೆಯಾಡಿಸಿದಳು. ವಾರ ಕಳೆದರೂ ಅವಳ ಗಂಟಲು ಸರಿಹೋಗದಿದ್ದುದನ್ನು ನೋಡಿ ವಾರ್ಡನ್ ಕಾರಿಡಾರಿಗೊಂದು ಗಂಟೆ ಹಾಕಿಸಿದಳು. ಅಕ್ಕನನ್ನು ಬೆಳಗಿನ ಪಾಳಿಯಿಂದ ತೆಗೆದು ಪಾತ್ರೆ ತೊಳೆಯುವ ಕಡೆಗೆ ಹಾಕಿದಳು. ಅಲ್ಲಿ ಯಾರ ಜೊತೆಗೂ ಮಾತಾಡುವ ಅಗತ್ಯ ಬೀಳುತ್ತಿರಲಿಲ್ಲ.